ಬಂದರಿನ ಸಭೆಗೆ ಊರಿನವರು ಹೋಗಬಹುದೇ?

ರಾವೂರಿನಿಂದ ಸಮುದ್ರ ಬಹು ದೂರ. ಚಿತ್ತಾಪುರ ತಾಲೂಕಿನ ಈ ಊರಿನ ಸುತ್ತಮುತ್ತ ಇರುವುದು ಸುಣ್ಣದ ಕಲ್ಲಿನ ನೆಲ, ಗಣಿಗಳು, ಹತ್ತಿರದ ವಾಡಿಯ ಸಿಮೆಂಟ್ ಕಾರ್ಖಾನೆ. ಆದರೂ ಇಲ್ಲಿಯ ರೈತನಿಗೂ ಅಂಕೋಲೆ ತಾಲೂಕಿನ ಕೇಣಿಯ ಮೀನುಗಾರನಿಗೂ ಒಂದು ಸರಕಾರಿ ಕಾಗದದ ನಂಟಿದೆ. ಕೇಂದ್ರ ಪರಿಸರ ಸಚಿವಾಲಯ 2006ರ ಸೆಪ್ಟೆಂಬರ್ 14ರಂದು ಹೊರಡಿಸಿದ ಅಧಿಸೂಚನೆ ಅದು. ದೊಡ್ಡ ಗಣಿಯಿರಲಿ, ಸಿಮೆಂಟ್ ಕಾರ್ಖಾನೆಯಿರಲಿ, ಬಂದರಿರಲಿ, ಅನುಮತಿಗೆ ಮೊದಲು ಸ್ಥಳೀಯರ ಅಹವಾಲನ್ನು ಬಹಿರಂಗ ಸಭೆಯಲ್ಲಿ ಕೇಳಬೇಕೆಂಬುದು ಅದರ ನಿಯಮ.

ಈ ಸಭೆಯ ವಿಧಿವಿಧಾನಗಳು ಕುತೂಹಲಕರವಾಗಿವೆ. ಸಭೆ ನಡೆಸುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಅಧ್ಯಕ್ಷತೆ ಜಿಲ್ಲಾಧಿಕಾರಿಯದು, ಇಲ್ಲವೆ ಅಪರ ಜಿಲ್ಲಾಧಿಕಾರಿಯ ದರ್ಜೆಗೆ ಕಡಿಮೆಯಲ್ಲದ ಅವರ ಪ್ರತಿನಿಧಿಯದು. ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ಪತ್ರಿಕೆ ತಲುಪದ ಊರಿದ್ದರೆ ಡಂಗುರ ಸಾರಿಸಬೇಕೆಂದೂ ಬರೆದಿದೆ. ದೆಹಲಿಯ ಕಡತದಲ್ಲಿ ಡಂಗುರಕ್ಕೆ ಜಾಗ ಸಿಕ್ಕಿದ್ದು ಸಣ್ಣ ಸಂಗತಿಯೇನಲ್ಲ. ಹಾಜರಿದ್ದ ಪ್ರತಿಯೊಬ್ಬರಿಗೂ ಪ್ರಶ್ನೆ ಕೇಳಲು ಅವಕಾಶ ಕೊಡಬೇಕು. ನಡಾವಳಿಯನ್ನು ವಿಡಿಯೋ ಚಿತ್ರೀಕರಿಸಬೇಕು. ಕೊನೆಗೆ ಅದರ ಸಾರಾಂಶವನ್ನು ಜನರ ಭಾಷೆಯಲ್ಲೇ ಓದಿ ಹೇಳಬೇಕು.

ಕೋರಂ ಮಾತ್ರ ಬೇಕಿಲ್ಲ. ನಾಲ್ಕೇ ಜನ ಬಂದರೂ ಸಭೆ ಸಭೆಯೇ. ಮತ ಹಾಕುವ ಪದ್ಧತಿಯೂ ಇಲ್ಲ. ಸಾವಿರ ಜನ ಬೇಡವೆಂದರೂ ಯೋಜನೆ ತಾನಾಗಿ ಬೀಳುವುದಿಲ್ಲ. ಆಕ್ಷೇಪಣೆಗೆ ಕಂಪನಿ ಉತ್ತರ ಬರೆಯಬೇಕು, ತಜ್ಞರ ಸಮಿತಿ ಎರಡನ್ನೂ ಓದಿ ಶಿಫಾರಸು ಮಾಡಬೇಕು.

ಕೇಣಿಯ ಬಂದರು ಯೋಜನೆಯ ಅಹವಾಲು ಸಭೆ ಅಂಕೋಲೆಯಲ್ಲಿ ನಡೆದದ್ದು 2025ರ ಆಗಸ್ಟ್‌ನಲ್ಲಿ. ಅಲ್ಲಿ ಮೀನುಗಾರರು ದೊಡ್ಡ ಸಂಖ್ಯೆಯಲ್ಲಿ ಸೇರಿ ವಿರೋಧ ದಾಖಲಿಸಿದರು. ದೋಣಿ ಎಳೆಯುವ, ಬಲೆ ಹರಡುವ, ಮೀನು ಒಣಗಿಸುವ ದಂಡೆ ಹೋದರೆ ಬದುಕು ಹೋದಂತೆಯೇ ಎಂಬುದು ಕರಾವಳಿಯ ಇಂಥ ಊರುಗಳ ಅಳಲು. ಕಾರವಾರದಲ್ಲಿ 2020ರ ಜನವರಿಯಲ್ಲಿ ಬಂದರು ವಿಸ್ತರಣೆಯ ವಿರುದ್ಧ ಮೀನುಗಾರರು ಬೀದಿಗಿಳಿದರು. ಹೈಕೋರ್ಟ್ ಕಾಮಗಾರಿಗೆ ತಡೆ ನೀಡಿತು. ಸಭೆಯಲ್ಲಿ ಮುಗಿಯಬೇಕಾದ ಮಾತು ಕೆಲವೊಮ್ಮೆ ಹೀಗೆ ಕೋರ್ಟಿನ ಕಟ್ಟೆ ಹತ್ತುತ್ತದೆ.

ಆದರೆ ಈ ಬಾಗಿಲು ತೆರೆಯುವುದು ಬಂದರು ಕಟ್ಟುವ ಅಥವಾ ಬೆಳೆಸುವ ಮೊದಲು ಮಾತ್ರ. ಕಟ್ಟಿಯಾದ ಮೇಲೆ ದಿನನಿತ್ಯದ ವ್ಯವಹಾರ ಯಾರ ಕೈಯಲ್ಲಿ? ಯಾವ ಸರಕಿಗೆ ಯಾವ ಧಕ್ಕೆ, ಯಾರಿಗೆ ಎಷ್ಟು ಭೂಮಿ ಗುತ್ತಿಗೆ, ಹೂಳೆತ್ತುವ ಕೆಲಸಕ್ಕೆ ಎಷ್ಟು ಹಣ, ಇವನ್ನೆಲ್ಲ ತೀರ್ಮಾನಿಸುವುದು ಬಂದರಿನ ಆಡಳಿತ ಮಂಡಳಿ. ರಾವೂರಿನ ಮತದಾರ ತನ್ನೂರಿನ ಗ್ರಾಮಸಭೆಯಲ್ಲಿ ಹಕ್ಕಿನಿಂದ ಕೂರಬಲ್ಲ. ಬಂದರಿನ ಮಂಡಳಿಯಲ್ಲಿ ನೆರೆಯ ಊರಿನವನಿಗೂ ಹಾಗೆ ಕೂರುವ ಹಕ್ಕಿಲ್ಲ.

ಇದರ ಬೇರು ಹಳೆಯದು. ಬ್ರಿಟಿಷರು 1870ರಲ್ಲಿ ಕಲ್ಕತ್ತೆಗೆ, 1873ರಲ್ಲಿ ಮುಂಬಯಿಗೆ ಬಂದರು ಮಂಡಳಿಗಳನ್ನು ರಚಿಸಿದರು. ಮುಂಬಯಿಯದಕ್ಕೆ ಟ್ರಸ್ಟ್ ಎಂದೇ ಹೆಸರು. ಮಠ ಮಂದಿರಗಳ ಆಸ್ತಿ ನೋಡಿಕೊಳ್ಳುವವರಿಗೂ ಟ್ರಸ್ಟಿಗಳೆನ್ನುತ್ತೇವೆ. ಯಾರದೋ ಪರವಾಗಿ ನೋಡಿಕೊಳ್ಳುವವರು ಎಂದು ಅರ್ಥ. ಸ್ವತಂತ್ರ ಭಾರತದ 1963ರ ಪ್ರಮುಖ ಬಂದರು ಟ್ರಸ್ಟ್ ಕಾಯಿದೆ ಈ ಹೆಸರನ್ನು ಉಳಿಸಿಕೊಂಡಿತು. ಕಾರ್ಮಿಕರಿಗೆ, ಹಡಗಿನ ಒಡೆಯರಿಗೆ, ಸರಕು ಕಳುಹಿಸುವವರಿಗೆ, ರೈಲ್ವೆ, ಕಸ್ಟಮ್ಸ್, ರಕ್ಷಣಾ ಪಡೆಗಳಿಗೆ ಅದು ಮಂಡಳಿಯಲ್ಲಿ ಪ್ರಾತಿನಿಧ್ಯ ಕೊಟ್ಟಿತು. ನೆರೆಯ ಊರಿನ ಮೀನುಗಾರನ ಹೆಸರು ಆ ಪಟ್ಟಿಯಲ್ಲಿರಲಿಲ್ಲ. ಕೇಂದ್ರಕ್ಕೆ ಸರಿಕಂಡರೆ ‘ಇತರ ಹಿತಾಸಕ್ತಿ’ಯ ಕೆಳಗೆ ಸೇರಿಸಬಹುದಿತ್ತು, ಅಷ್ಟೆ.

ಪಣಂಬೂರಿನ ನವಮಂಗಳೂರು ಬಂದರು 1974ರ ಮೇ 4ರಂದು ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು ಘೋಷಿತವಾಯಿತು. ಮರುವರ್ಷ ಜನವರಿಯಲ್ಲಿ ಇಂದಿರಾ ಗಾಂಧಿ ಅದನ್ನು ಉದ್ಘಾಟಿಸಿದರು. 1980ರಲ್ಲಿ ಅದು ಟ್ರಸ್ಟ್ ಆಡಳಿತಕ್ಕೆ ಬಂತು. ಅದನ್ನು ಕಟ್ಟುವ ಕಾಲಕ್ಕೆ ಪರಿಸರ ಅಹವಾಲು ಸಭೆಯ ನಿಯಮವೇ ಇರಲಿಲ್ಲ. ಅದು ಕಡ್ಡಾಯವಾದದ್ದು 1997ರಲ್ಲಿ.

2021ರಲ್ಲಿ ಹೊಸ ಕಾಯಿದೆ ಬಂದು ‘ಟ್ರಸ್ಟ್’ ಹೋಗಿ ‘ಪ್ರಾಧಿಕಾರ’ವಾಯಿತು. ಮಂಡಳಿ ಚಿಕ್ಕದಾಯಿತು. ಸರಕಾರದ ಇಲಾಖೆಗಳ ಪ್ರತಿನಿಧಿಗಳು, ಸ್ವತಂತ್ರ ಸದಸ್ಯರು, ನೌಕರರ ಪರವಾಗಿ ಇಬ್ಬರು ಉಳಿದರು. ಹಡಗು ಮತ್ತು ಸರಕಿನವರಿಗೆ ಮೀಸಲಾಗಿದ್ದ ಜಾಗ ಹೋಯಿತು. ಬೇಗ ತೀರ್ಮಾನ ತೆಗೆದುಕೊಳ್ಳಲು ಇದು ಅನುಕೂಲವಿರಬಹುದು. ತೀರ್ಮಾನದ ಪರಿಣಾಮ ಉಣ್ಣುವವರು ಮಾತ್ರ ಇನ್ನಷ್ಟು ದೂರ ಸರಿದರು. ಕೇಣಿಯಂಥ ಬಂದರು ಈ ಕಾಯಿದೆಗೂ ಹೊರಗು. ಅದು ರಾಜ್ಯದ ಜಲಸಾರಿಗೆ ಮಂಡಳಿಯ ವ್ಯಾಪ್ತಿಯದು, ಕಟ್ಟಲು ಮುಂದಾಗಿರುವುದು ಖಾಸಗಿ ಕಂಪನಿ.

ಬೇರೆ ದಾರಿ ಇಲ್ಲವೆಂದೇನಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 1911ರಿಂದ ಬಂದರಿನ ಆಯುಕ್ತರನ್ನು ಜನರೇ ಮತ ಹಾಕಿ ಆರಿಸುತ್ತಾರೆ. ಸಿಯಾಟಲ್ ಬಂದರು ಹುಟ್ಟಿದ್ದೇ ಹಾಗೆ. ಅಲ್ಲಿಯ 1971ರ ಕಾಯಿದೆಯಂತೆ ಇಂಥ ಸಂಸ್ಥೆಗಳ ಸಭೆಗಳು ಸಾರ್ವಜನಿಕರಿಗೆ ತೆರೆದಿರಬೇಕು.

ನಮ್ಮಲ್ಲಿ ಸದ್ಯಕ್ಕೆ ಇರುವ ಕಿಂಡಿ 2005ರ ಮಾಹಿತಿ ಹಕ್ಕು ಕಾಯಿದೆ. ಅದರ 4ನೇ ಕಲಮಿನ ಪ್ರಕಾರ ಪ್ರತಿಯೊಂದು ಸಾರ್ವಜನಿಕ ಸಂಸ್ಥೆಯೂ ತನ್ನ ಮಂಡಳಿ, ಸಮಿತಿಗಳ ಸಭೆ ಜನರಿಗೆ ತೆರೆದಿದೆಯೇ, ನಡಾವಳಿ ನೋಡಲು ಸಿಗುತ್ತದೆಯೇ ಎಂಬುದನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು. ವ್ಯಾಪಾರದ ಗುಟ್ಟು ಎಂದು ಕೆಲವನ್ನು ತಡೆಹಿಡಿಯಬಹುದು. ಉಳಿದದ್ದನ್ನು ಅರ್ಜಿ ಹಾಕಿ ಕೇಳಬಹುದು. ಕೇಂದ್ರದ ಸಂಸ್ಥೆಯಾದ ನವಮಂಗಳೂರು ಬಂದರಿಗೆ ಅರ್ಜಿಯ ಶುಲ್ಕ 10 ರೂಪಾಯಿ, ಉತ್ತರ ಕೊಡಲು 30 ದಿನಗಳ ಗಡುವು. ರಾವೂರಿನಿಂದ ಅಂಚೆಯಲ್ಲಿ ಹೋದ ಅರ್ಜಿಗೂ ಅಷ್ಟೇ ಗಡುವು.