ಲಸಾನ್ಯ ನೀರಾಗುವುದೇಕೆ?

ಇಟಲಿಯ ಅನೇಕ ಕ್ಯಾಥೊಲಿಕ್ ಮನೆಗಳಲ್ಲಿ ಕ್ರಿಸ್‌ಮಸ್ಸಿನ ಹಿಂದಿನ ದಿನ ಮಾಂಸವನ್ನು ವರ್ಜಿಸುವ ರೂಢಿಯುಂಟು. ನೆಂಟರಿಷ್ಟರು ನೆರೆಯುವ ಆ ರಾತ್ರಿಗೆ ಒಪ್ಪುವ ಭಕ್ಷ್ಯಗಳಲ್ಲಿ ತರಕಾರಿಯ ಲಸಾನ್ಯವೂ ಒಂದು. ಗೋಧಿಹಿಟ್ಟಿನ ಅಗಲವಾದ ಹಾಳೆ, ತರಕಾರಿ, ಚೀಸ್, ಮೈದಾ ಬೆರೆತ ಹಾಲಿನ ಗಂಜಿ, ಇವನ್ನು ಪದರ ಪದರವಾಗಿ ಹರಡಿ ಓವನ್ನಿನಲ್ಲಿ ಬೇಯಿಸುವರು. ನಾವು ಮೊದಲ ಸಲ ಮಾಡಿದಾಗ ಅದನ್ನು ಸೌಟಿನಿಂದ ಬಡಿಸಬೇಕಾಯಿತು!

ತಪ್ಪು ನೀರಿನದು. ಮಾಂಸದ ಗೊಜ್ಜು ಗಂಟೆಗಟ್ಟಲೆ ಕುದಿದು ಮೊದಲೇ ಬತ್ತಿರುತ್ತದೆ. ಪಾಲಕ್, ಬದನೆಗಳ ತೂಕದಲ್ಲಾದರೋ ಶೇಕಡ 90ಕ್ಕೂ ಮಿಕ್ಕಿ ನೀರೇ. ಕಾವಿಗೆ ಜೀವಕೋಶಗಳ ಪೊರೆ ಹರಿದೊಡನೆ ಅದು ಹೊರಕ್ಕೆ ಒಸರುವುದು. ಆದುದರಿಂದ ಸೊಪ್ಪನ್ನು ಬಾಡಿಸಿ ಹಿಂಡಬೇಕು. ಬದನೆಯ ಹೋಳುಗಳಿಗೆ ಉಪ್ಪು ಸವರಿ, ಅರ್ಧ ಗಂಟೆಯ ಮೇಲೆ ಒರೆಸಬೇಕು. ಹೊರಗಿನ ಉಪ್ಪು ಕೋಶದೊಳಗಿನ ನೀರನ್ನು ಸೆಳೆಯುತ್ತದೆ. ಉಪ್ಪಿನಕಾಯಿಯ ಮಾವು ನೀರು ಬಿಡುವುದೂ ಹೀಗೆಯೇ.

ಉಳಿದ ನೀರನ್ನು ಪಿಷ್ಟವು ಹಿಡಿಯುವುದು. ಸುಮಾರು 60 ಡಿಗ್ರಿ ಸೆಂಟಿಗ್ರೇಡಿನಿಂದಾಚೆ ಮೈದಾದ ಪಿಷ್ಟಕಣಗಳು ನೀರು ಹೀರಿ ಉಬ್ಬುತ್ತವೆ. ಮೈದಾವನ್ನು ಮೊದಲು ಬೆಣ್ಣೆಯಲ್ಲಿ ಹುರಿದರೆ ಕಣಕಣಕ್ಕೂ ಜಿಡ್ಡು ಹತ್ತಿ ಗಂಟು ಕಟ್ಟದು. ಬಿಸಿಯಲ್ಲಿ ಈ ಗಂಜಿ ಸಡಿಲ, ಆರಿದಷ್ಟೂ ಗಟ್ಟಿ. ಆದಕಾರಣ ಓವನ್ನಿನಿಂದ ತೆಗೆದು ಕಾಲು ಗಂಟೆ ಕಳೆದ ಮೇಲೆಯೇ ಕತ್ತರಿಸಬೇಕು. ಅದುವರೆಗೆ ಹಸಿದ ನೆಂಟರನ್ನು ಮಾತಿನಲ್ಲಿ ತಡೆಯುವ ಉಪಾಯ ಮಾತ್ರ ರಸಾಯನಶಾಸ್ತ್ರಕ್ಕೆ ಸೇರಿದ್ದಲ್ಲ.