ಎಸ್‌ಟಿ ಎಂಬ ಕೊನೆಯ ಅಂಕಣ: ಪ್ರಥಮ ಪಿಯುಸಿಯಲ್ಲಿ ವರ್ಚುವಲ್ ಮೆಷೀನ್ ಪಾಠ

ಗಣಕಯಂತ್ರ ನಿಧಾನವಾದಾಗ ಕಾರಣ ಎಲ್ಲಿದೆ ಎಂದು ಹುಡುಕಲು ಕಲಿಸುವುದೇ ಸಂಪನ್ಮೂಲ ಬಳಕೆಯ ಪಾಠದ ಮುಖ್ಯ ಉದ್ದೇಶ ಎಂಬುದು ನನ್ನ ಅಭಿಪ್ರಾಯ. ಆಜ್ಞೆಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸಿದರೆ ಈ ಉದ್ದೇಶ ಈಡೇರುವುದಿಲ್ಲ. ಇಂಟರ್ನ್‌ಶಿಪ್ ಅವಧಿಯಲ್ಲಿ ಟಿ. ದಾಸರಹಳ್ಳಿಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ಪ್ರಥಮ ಪಿಯುಸಿ ಗಣಕವಿಜ್ಞಾನದ ವಿದ್ಯಾರ್ಥಿಗಳಿಗೆ ಎರಡು ತರಗತಿ ಪಾಠ ಮತ್ತು ಎರಡು ಪ್ರಯೋಗಾಲಯ ಪಾಠಗಳಲ್ಲಿ ಈ ವಿಷಯವನ್ನು ತೆಗೆದುಕೊಂಡೆ. ಪಠ್ಯದಲ್ಲಿ ಇದಕ್ಕೆ ಪ್ರತ್ಯೇಕ ಘಟಕವಿಲ್ಲ. ಆದರೆ ಅಲ್ಲಿಯ ಪ್ರಯೋಗಾಲಯವೇ ವರ್ಚುವಲ್ ಮೆಷೀನ್‌ಗಳ ಮೇಲೆ ನಡೆಯುತ್ತದೆ. ನಾಲ್ಕು ಕೋರ್ ಮತ್ತು 16 ಜಿಬಿ ಮೆಮೊರಿಯ ಒಂದೇ ಸರ್ವರ್, ಅದರೊಳಗೆ ಆರು ವರ್ಚುವಲ್ ಮೆಷೀನ್, ಪ್ರತಿಯೊಂದಕ್ಕೂ ಎರಡು ವರ್ಚುವಲ್ ಸಿಪಿಯು ಮತ್ತು 2 ಜಿಬಿ ಮೆಮೊರಿ. ಇಪ್ಪತ್ತನಾಲ್ಕು ಮಕ್ಕಳು ಹಳೆಯ ಯಂತ್ರಗಳ ಮುಂದೆ ಕುಳಿತು, ನಾಲ್ಕು ನಾಲ್ಕು ಜನರಂತೆ ಒಂದೊಂದು ವರ್ಚುವಲ್ ಮೆಷೀನ್‌ಗೆ ಲಾಗಿನ್ ಆಗುತ್ತಾರೆ.

ಇಲ್ಲಿ ಒಂದು ತೊಂದರೆಯಿತ್ತು. ಸೋಮವಾರ ಇಪ್ಪತ್ತು ಸೆಕೆಂಡಿನಲ್ಲಿ ಮುಗಿದ ಪ್ರೋಗ್ರಾಂ ಗುರುವಾರ ಒಂದು ನಿಮಿಷ ತೆಗೆದುಕೊಳ್ಳುತ್ತಿತ್ತು. ತಡವಾದವರ ರೆಕಾರ್ಡ್ ಪುಸ್ತಕದಲ್ಲಿ ‘ಲಾಜಿಕ್ ಸರಿಯಿಲ್ಲ’ ಎಂಬ ಷರಾ ಬೀಳುತ್ತಿತ್ತು, ಅದರ ಜೊತೆಗೆ ಅಂಕವೂ ಹೋಗುತ್ತಿತ್ತು. “ಮೇಡಂ, ನಂದೂ ಅವನದೂ ಒಂದೇ ಪ್ರೋಗ್ರಾಂ, ನಂಗೆ ಮಾತ್ರ ಯಾಕೆ ಷರಾ?” ಎಂದು ಒಬ್ಬ ಹುಡುಗ ಕೇಳಿದ. ಪಾಠಯೋಜನೆಯ ಪ್ರೇರಣಾ ಹಂತಕ್ಕೆ ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ನಾನು ಹುಡುಕಲು ಹೋಗಲಿಲ್ಲ.

ಪೂರ್ವಜ್ಞಾನ

ತುಮಕೂರು ರಸ್ತೆಯ ಎರಡೂ ಬದಿಯಲ್ಲಿ, ಪೀಣ್ಯದ ಕಾರ್ಖಾನೆಗಳಿಗೂ ಗಾರ್ಮೆಂಟ್ಸ್‌ಗೂ ಹೋಗುವವರ ಸಂಸಾರಗಳು ಒಂದೇ ಕಟ್ಟಡದ ಆರೆಂಟು ಸಣ್ಣ ಮನೆಗಳಲ್ಲಿ ವಾಸವಾಗಿರುವುದು ಸಾಮಾನ್ಯ. ಕೆಳಗೆ ಒಂದು ಸಂಪು, ಮೇಲೆ ಒಂದು ಟ್ಯಾಂಕು, ಮನೆಗೊಂದು ಸಬ್ ಮೀಟರ್. ಮುಖ್ಯ ಮೀಟರ್ ಇರುವುದು ಓನರ್ ಕಡೆಗೆ. ಹಾಗಾಗಿ ಹಂಚಿಕೊಂಡು ಬಳಸುವುದು ಎಂದರೇನು ಎಂದು ಇಲ್ಲಿಯ ಮಕ್ಕಳಿಗೆ ನಾನು ಹೇಳಬೇಕಾಗಿರಲಿಲ್ಲ. ಕಟ್ಟಡವೇ ಆತಿಥೇಯ ಯಂತ್ರ, ಒಂದೊಂದು ಬಾಡಿಗೆ ಮನೆ ಒಂದೊಂದು ವರ್ಚುವಲ್ ಮೆಷೀನ್, ಯಾರಿಗೆ ಯಾವಾಗ ಎಷ್ಟು ಎಂದು ತೀರ್ಮಾನಿಸುವ ಓನರ್ ಹೈಪರ್‌ವೈಸರ್ ಎಂದು ಕಪ್ಪುಹಲಗೆಯ ಮೇಲೆ ಚಿತ್ರ ಬರೆದೆ. ಈ ಏರ್ಪಾಟು ಹೊಸದೇನಲ್ಲ. ಐಬಿಎಂ ಕಂಪನಿ 1960ರ ದಶಕದಲ್ಲೇ ಒಂದು ದೊಡ್ಡ ಯಂತ್ರವನ್ನು ಹಲವು ಯಂತ್ರಗಳಂತೆ ತೋರಿಸುವ ಕೆಲಸ ಮಾಡಿ, 1972ರಲ್ಲಿ ಅದನ್ನು ವಿಎಂ/370 ಎಂಬ ಹೆಸರಿನಲ್ಲಿ ಹೊರತಂದಿತು. ನಮ್ಮ ಸರ್ವರ್‌ನಲ್ಲಿರುವ ಕೆವಿಎಂ 2007ರಲ್ಲಿ ಲಿನಕ್ಸ್ ಕರ್ನಲ್‌ನ ಒಳಗೆ ಸೇರಿತು.

“ನಲ್ಲಿ ಪೂರ್ತಿ ತಿರುಗಿಸಿದರೂ ನೀರು ಸಣ್ಣಗೆ ಬಂದರೆ ಏನೆಂದುಕೊಳ್ಳುತ್ತೀರಿ?” ಎಂದು ಕೇಳಿದೆ. “ಕೆಳಗಡೆ ಮನೆಯವ್ರು ಬಟ್ಟೆ ಒಗೀತಿದಾರೆ ಅಂತ” ಎಂದು ಮೂರನೆಯ ಬೆಂಚಿನಿಂದ ಉತ್ತರ ಬಂತು. ನಮ್ಮ ನಲ್ಲಿ ಕೆಟ್ಟಿದೆಯೋ, ನೀರು ಪಕ್ಕದವರ ಪಾಲಾಗುತ್ತಿದೆಯೋ ಎಂಬುದು ಮನೆಯೊಳಗೇ ನಿಂತವರಿಗೆ ಸುಲಭವಾಗಿ ಗೊತ್ತಾಗದು. ಅದನ್ನು ತಿಳಿಸುವ ಒಂದು ಅಂಕಿ ಲಿನಕ್ಸ್‌ನಲ್ಲಿದೆ, ಅಲ್ಲಿಗೆ ಹೋಗೋಣ ಎಂದು ಪಾಠ ಆರಂಭಿಸಿದೆ.

ಹೋಲಿಕೆ ಎಲ್ಲಿಯವರೆಗೆ ನಡೆಯುತ್ತದೆ ಎಂಬುದನ್ನೂ ಮಕ್ಕಳೇ ಪರೀಕ್ಷಿಸಿದರು. “ನಾವು ಊರಿಗೆ ಹೋದಾಗ ನಮ್ ಪಾಲಿನ ನೀರು ಟ್ಯಾಂಕಲ್ಲೇ ಇರತ್ತೆ. ಸಿಪಿಯು ಟೈಮೂ ಹಾಗೇ ಉಳಿಯುತ್ತಾ?” ಉಳಿಯುವುದಿಲ್ಲ. ಜಾಲಹಳ್ಳಿ ಕ್ರಾಸ್ ದಾಟಿ ಹೋದ ಬಸ್ಸಿನ ಖಾಲಿ ಸೀಟನ್ನು ಮುಂದಿನ ಬಸ್ಸಿಗೆ ಸೇರಿಸಲಾಗದು. ಬಳಸದ ಪ್ರೊಸೆಸರ್ ಸಮಯವೂ ಹಾಗೆಯೇ. ಈ ವ್ಯತ್ಯಾಸವನ್ನು ಬಿಡಿಸಿ ಹೇಳದೆ ಮುಂದೆ ಹೋಗಬಾರದು.

ಆಜ್ಞೆಗಳು

ಆಜ್ಞೆಗಳ ಹೆಸರನ್ನು ಇಲ್ಲಿ ಮಕ್ಕಳು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಂತೆ ಉಚ್ಚಾರಣೆಯಲ್ಲಿಯೇ ಕೊಟ್ಟಿದ್ದೇನೆ. ಕೀಲಿಮಣೆಯಲ್ಲಿ ಇಂಗ್ಲಿಷ್ ಸಣ್ಣಕ್ಷರಗಳನ್ನೇ ಒತ್ತಬೇಕು. ಕನ್ನಡ ಮಾಧ್ಯಮದಿಂದ ಬಂದವರಿಗೆ ಕಪ್ಪು ಪರದೆ ಕಷ್ಟವಾದೀತು ಎಂಬ ಅನುಮಾನ ಕೆಲವು ಸಹಪ್ರಶಿಕ್ಷಣಾರ್ಥಿಗಳಿಗಿತ್ತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕೇರಳದ ಕೈಟ್ ಸಂಸ್ಥೆ ಶಾಲೆಗಳಿಗೆ ಕೊಟ್ಟ ಲಿನಕ್ಸ್‌ನಲ್ಲಿ, ಕನ್ನಡದಲ್ಲೇ ಅಚ್ಚಾದ ಪಠ್ಯಪುಸ್ತಕ ಇಟ್ಟುಕೊಂಡು ಕೆಲಸ ಮಾಡುತ್ತಾರೆ. ಭಾಷೆ ಇಲ್ಲಿ ಅಡ್ಡಿಯಲ್ಲ.

ಎಲ್ಲರೂ ‘ಟಾಪ್’ನಿಂದ ಆರಂಭಿಸುತ್ತಾರೆ. ಒಂದೇ ಪರದೆಯಲ್ಲಿ ಅಷ್ಟೊಂದು ಅಂಕಿಗಳು ಓಡಾಡುವುದರಿಂದ ಮಕ್ಕಳ ಗಮನ ಚದುರುತ್ತದೆ. ನಾನು ‘ಎನ್‌ಪ್ರಾಕ್’ನಿಂದ ಆರಂಭಿಸಿದೆ. ಅದು ಕೊಡುವುದು ಒಂದೇ ಸಂಖ್ಯೆ, ನಮಗೆ ಎಷ್ಟು ಸಿಪಿಯು ಕಾಣುತ್ತಿದೆ ಎಂದು. ಎಲ್ಲರಿಗೂ 2 ಬಂತು. ನಂತರ ‘ಅಪ್‌ಟೈಮ್’. ಅದರ ಕೊನೆಯ ಮೂರು ಅಂಕಿಗಳು ಕಳೆದ 1, 5 ಮತ್ತು 15 ನಿಮಿಷಗಳ ಸರಾಸರಿ ಲೋಡ್. ಎರಡು ಲೇತ್ ಇರುವ ಪೀಣ್ಯದ ವರ್ಕ್‌ಶಾಪ್‌ನಲ್ಲಿ ಎರಡು ಜಾಬ್ ಇದ್ದರೆ ಎರಡೂ ಲೇತ್ ಓಡುತ್ತವೆ, ಯಾರೂ ಕಾಯುವುದಿಲ್ಲ. ಐದು ಜಾಬ್ ಬಂದರೆ ಮೂರು ಕಾಯುತ್ತವೆ. ಆದ್ದರಿಂದ ಲೋಡ್ 5 ಎಂಬುದಕ್ಕೆ ಎನ್‌ಪ್ರಾಕ್‌ನ ಪಕ್ಕದಲ್ಲಿಟ್ಟಾಗ ಮಾತ್ರ ಅರ್ಥ. ಲಿನಕ್ಸ್ ಡಿಸ್ಕ್‌ಗಾಗಿ ಕಾದು ಕುಳಿತ ಕೆಲಸಗಳನ್ನೂ ಈ ಲೆಕ್ಕಕ್ಕೆ ಸೇರಿಸುತ್ತದೆ ಎಂಬುದನ್ನು ಮರೆಯದೆ ಹೇಳಬೇಕು. ಲೋಡ್ ಹೆಚ್ಚಿದ ಮಾತ್ರಕ್ಕೆ ಪ್ರೊಸೆಸರ್ ಸಾಲದು ಎಂದಲ್ಲ.

ಮೆಮೊರಿಗೆ ‘ಫ್ರೀ’ ಆಜ್ಞೆ, ಜೊತೆಗೆ ಹೈಫನ್ ಎಚ್. ಇಲ್ಲಿ ತರಗತಿಯೇ ಗಾಬರಿಯಾಯಿತು. 2 ಜಿಬಿಯಲ್ಲಿ ‘ಫ್ರೀ’ ಅಂಕಣದಲ್ಲಿ ಉಳಿದಿದ್ದು 150 ಎಂಬಿ ಮಾತ್ರ. ಒಮ್ಮೆ ಓದಿದ ಫೈಲುಗಳನ್ನು ಲಿನಕ್ಸ್ ಖಾಲಿ ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ, ಕೇಳಿದಾಗ ಬಿಟ್ಟುಕೊಡುತ್ತದೆ. ಬಸ್ಸಿನಲ್ಲಿ ಪಕ್ಕದ ಸೀಟಿನ ಮೇಲೆ ಚೀಲ ಇಟ್ಟಿದ್ದೇವೆ, ಯಾರಾದರೂ ಬಂದರೆ ಎತ್ತಿ ತೊಡೆಯ ಮೇಲೆ ಇಟ್ಟುಕೊಳ್ಳುತ್ತೇವೆ, ಹಾಗೆ. ನೋಡಬೇಕಾದುದು ‘ಅವೈಲಬಲ್’ ಎಂಬ ಕೊನೆಯ ಅಂಕಣ. ಅಲ್ಲಿ 1.4 ಜಿಬಿ ಇತ್ತು. ಈ ಅಂದಾಜನ್ನು ಕರ್ನಲ್ ತಾನೇ ಲೆಕ್ಕ ಹಾಕಿ ಕೊಡಲು ಆರಂಭಿಸಿದ್ದು 2014ರಲ್ಲಿ, 3.14ನೆಯ ಆವೃತ್ತಿಯಿಂದ.

‘ವಿಎಂಸ್ಟ್ಯಾಟ್ 1 5’ ಎಂದರೆ ಸೆಕೆಂಡಿಗೊಮ್ಮೆ ಐದು ಸಾಲು. ಹೆಸರಿನಲ್ಲಿರುವ ವಿಎಂ ವರ್ಚುವಲ್ ಮೆಷೀನ್ ಅಲ್ಲ, ವರ್ಚುವಲ್ ಮೆಮೊರಿ. ಮಕ್ಕಳಷ್ಟೇ ಅಲ್ಲ, ವೀಕ್ಷಣೆಗೆ ಬಂದಿದ್ದ ನನ್ನ ಸಹಪಾಠಿಯೂ ಇಲ್ಲಿ ಬೇರೆ ಅರ್ಥ ಮಾಡಿಕೊಂಡಿದ್ದರು. ಮೊದಲ ಸಾಲು ಯಂತ್ರ ಆರಂಭವಾದಂದಿನಿಂದ ಈವರೆಗಿನ ಸರಾಸರಿ, ಈ ಕ್ಷಣದ್ದಲ್ಲ. ಅದನ್ನು ಪೆನ್ಸಿಲ್‌ನಿಂದ ಹೊಡೆದುಹಾಕಿಸಿ ಉಳಿದ ನಾಲ್ಕನ್ನು ಓದಿಸಿದೆ. ‘ಎಸ್‌ಐ’, ‘ಎಸ್‌ಒ’ ಅಂಕಣಗಳಲ್ಲಿ ಸೊನ್ನೆ ಬಿಟ್ಟು ಬೇರೆ ಅಂಕಿಗಳು ಎಡೆಬಿಡದೆ ಬರುತ್ತಿದ್ದರೆ ಮೆಮೊರಿ ನಿಜಕ್ಕೂ ಸಾಲದೆ ಡಿಸ್ಕ್‌ಗೆ ಹೋಗಿಬಂದು ಮಾಡುತ್ತಿದೆ ಎಂದು ತಿಳಿಯಬೇಕು. ಡಿಸ್ಕ್ ತುಂಬಿದೆಯೇ ಎಂದು ನೋಡಲು ‘ಡಿಎಫ್’ ಸಾಕು, ಅದಕ್ಕೆ ಎರಡು ನಿಮಿಷ ಕೊಟ್ಟರೆ ಆಯಿತು.

ಕೊನೆಗೆ ಟಾಪ್. ಅದರ ಸಿಪಿಯು ಸಾಲಿನಲ್ಲಿ ಎಂಟು ಅಂಕಿಗಳಿವೆ. ನಮ್ಮ ಪ್ರೋಗ್ರಾಂ ಬಳಸಿದ್ದು ‘ಯುಎಸ್’, ಅದಕ್ಕಾಗಿ ಕರ್ನಲ್ ಮಾಡಿದ ಕೆಲಸ ‘ಎಸ್‌ವೈ’, ಖಾಲಿ ಕುಳಿತದ್ದು ‘ಐಡಿ’, ಡಿಸ್ಕ್‌ಗಾಗಿ ಕಾದದ್ದು ‘ಡಬ್ಲ್ಯೂಎ’, ಎಲ್ಲಕ್ಕಿಂತ ಕೊನೆಯದು ‘ಎಸ್‌ಟಿ’, ಅಂದರೆ ಸ್ಟೀಲ್. ನಾವು ಓಡಲು ಸಿದ್ಧರಿದ್ದೆವು, ಆದರೆ ಹೈಪರ್‌ವೈಸರ್ ಆ ಹೊತ್ತಿನಲ್ಲಿ ನಿಜವಾದ ಕೋರನ್ನು ಬೇರೆಯವರಿಗೆ ಕೊಟ್ಟಿತ್ತು ಎಂಬುದರ ಶೇಕಡಾ ಲೆಕ್ಕ ಇದು. ‘ಕದ್ದದ್ದು’ ಎಂಬ ಹೆಸರು ನನಗೆ ಅಷ್ಟು ಸರಿ ಕಾಣುವುದಿಲ್ಲ. ಯಾರೂ ಕದ್ದಿಲ್ಲ, ಸರದಿ ಬರಲಿಲ್ಲ ಅಷ್ಟೆ.

ಪ್ರಯೋಗ

‘ಯೆಸ್’ ಎಂಬ ಆಜ್ಞೆ ವೈ ಅಕ್ಷರವನ್ನು ನಿಲ್ಲಿಸದೆ ಮುದ್ರಿಸುತ್ತಲೇ ಇರುತ್ತದೆ. ಅದರ ಹೊರಹರಿವನ್ನು ‘ಡೆವ್ ನಲ್’ಗೆ ತಿರುಗಿಸಿದರೆ ಪರದೆಯಲ್ಲಿ ಏನೂ ಕಾಣದು, ಒಂದು ಸಿಪಿಯು ಮಾತ್ರ ಪೂರ್ತಿ ದುಡಿಯುತ್ತದೆ. ಪ್ರತಿ ವರ್ಚುವಲ್ ಮೆಷೀನ್‌ನಲ್ಲಿ ಎರಡೆರಡು ಯೆಸ್ ಓಡಿಸುವುದು ನಮ್ಮ ಯೋಜನೆ. ಓಡಿಸುವ ಮೊದಲೇ ಉತ್ತರವನ್ನು ಲೆಕ್ಕ ಹಾಕಿ ಬರೆಯಬೇಕೆಂದು ಷರತ್ತು ಹಾಕಿದೆ. ಎರಡು ಮೆಷೀನ್ ದುಡಿದರೆ ಬೇಡಿಕೆ ನಾಲ್ಕು, ಇರುವ ಕೋರ್ ನಾಲ್ಕು, ಎಸ್‌ಟಿ ಸೊನ್ನೆಯ ಹತ್ತಿರ. ನಾಲ್ಕು ಮೆಷೀನ್ ದುಡಿದರೆ ಬೇಡಿಕೆ ಎಂಟು, ಪ್ರತಿಯೊಬ್ಬರಿಗೂ ಅರ್ಧ, ಎಸ್‌ಟಿ ಸುಮಾರು 50. ಆರೂ ದುಡಿದರೆ ಬೇಡಿಕೆ ಹನ್ನೆರಡು, ಸಿಗುವುದು ಮೂರನೆಯ ಒಂದು ಭಾಗ, ಎಸ್‌ಟಿ ಸುಮಾರು 67. ಐದನೆಯ ತರಗತಿಯ ಭಿನ್ನರಾಶಿ ಸಾಕು.

ಮೊದಲು ಎರಡು ಗುಂಪು ಓಡಿಸಿತು, ಎಸ್‌ಟಿ ಒಂದು ಎರಡರ ಆಚೆ ಹೋಗಲಿಲ್ಲ. ಇನ್ನೆರಡು ಗುಂಪು ಸೇರಿದಾಗ ಮೊದಲ ಗುಂಪಿನವರ ಪರದೆಯಲ್ಲಿ, ಅವರು ಏನನ್ನೂ ಮುಟ್ಟದೆ, ಅಂಕಿ ಏರಿ ಐವತ್ತರ ಆಸುಪಾಸಿನಲ್ಲಿ ಓಲಾಡಿತು. ಎನ್‌ಪ್ರಾಕ್ ಆಗಲೂ 2 ಎಂದೇ ಹೇಳುತ್ತಿತ್ತು. ಷರಾ ಪಡೆದಿದ್ದ ಹುಡುಗ ಎದ್ದು ನಿಂತೇ ನೋಡುತ್ತಿದ್ದ.

ಅದೇ ಸಮಯದಲ್ಲಿ ಮಾರ್ಗದರ್ಶಕ ಶಿಕ್ಷಕರು ಆತಿಥೇಯ ಯಂತ್ರದ ಪರದೆಯನ್ನು ಪ್ರೊಜೆಕ್ಟರ್‌ನಲ್ಲಿ ತೋರಿಸಿದರು. ‘ವರ್ಶ್ ಲಿಸ್ಟ್’ ಎಂದಾಗ ಆರು ಹೆಸರು, ‘ವರ್ಟ್-ಟಾಪ್’ನಲ್ಲಿ ಯಾವ ಮೆಷೀನ್ ಎಷ್ಟು ಬಳಸುತ್ತಿದೆ ಎಂಬ ಲೆಕ್ಕ. ಅಲ್ಲಿಯ ಸಾಮಾನ್ಯ ಟಾಪ್‌ನಲ್ಲಿ ಒಂದು ಇಡೀ ವರ್ಚುವಲ್ ಮೆಷೀನ್ ‘ಕ್ಯೂಇಎಂಯು’ ಎಂಬ ಒಂದೇ ಪ್ರಕ್ರಿಯೆಯಾಗಿ ಕಾಣುತ್ತದೆ. ಮೆಮೊರಿಯಲ್ಲಿ ಇನ್ನೊಂದು ಸೋಜಿಗ ಕಂಡಿತು. ಒಳಗೆ 1.4 ಜಿಬಿ ಲಭ್ಯ ಎಂದ ಮೆಷೀನ್ ಹೊರಗಿನಿಂದ ಸುಮಾರು 2 ಜಿಬಿಯನ್ನೂ ಹಿಡಿದುಕೊಂಡಿತ್ತು. ಅತಿಥಿ ಒಮ್ಮೆ ಮುಟ್ಟಿದ ಮೆಮೊರಿ ತಾನಾಗಿ ಆತಿಥೇಯನಿಗೆ ಮರಳುವುದಿಲ್ಲ, ಹಿಂದಕ್ಕೆ ಪಡೆಯಲು ಬಲೂನ್ ಎಂಬ ಪ್ರತ್ಯೇಕ ಏರ್ಪಾಟು ಬೇಕು. ಸಬ್ ಮೀಟರ್ ಮತ್ತು ಮುಖ್ಯ ಮೀಟರ್ ಎರಡೂ ಸರಿ, ಅಳೆಯುವ ಜಾಗ ಬೇರೆ.

ಮೌಲ್ಯಮಾಪನ

ರೆಕಾರ್ಡ್ ಪುಸ್ತಕದಲ್ಲಿ ಫಲಿತಾಂಶದ ಕೆಳಗೆ ಒಂದು ಸಾಲು ಸೇರಿಸಿದೆವು. ಪ್ರೋಗ್ರಾಂ ಓಡುವಾಗಿನ ಲೋಡ್, ಅವೈಲಬಲ್, ಎಸ್‌ಟಿ. ಆ ಹುಡುಗನ ಪ್ರೋಗ್ರಾಂ ಇಡೀ ಲ್ಯಾಬ್ ದುಡಿಯುವಾಗ 58 ಸೆಕೆಂಡ್ ತೆಗೆದುಕೊಂಡಿತು, ಎಸ್‌ಟಿ 61 ಇತ್ತು. ಊಟದ ವಿರಾಮದಲ್ಲಿ ಅದೇ ಪ್ರೋಗ್ರಾಂ 21 ಸೆಕೆಂಡಿಗೆ ಮುಗಿಯಿತು. ಷರಾ ತಿದ್ದುಪಡಿಯಾಯಿತು, ಅಂಕವೂ ಮರಳಿತು. ಅದೇ ದಿನ ಇನ್ನೊಬ್ಬಳು “ನಂದೂ ಸರ್ವರ್‌ದೇ ತಪ್ಪು ಮೇಡಂ” ಎಂದು ಬಂದಳು. ಅವಳ ಸಾಲಿನಲ್ಲಿ ಎಸ್‌ಟಿ ಸೊನ್ನೆ, ಡಬ್ಲ್ಯೂಎ ಸೊನ್ನೆ, ಎಸ್‌ಐ ಎಸ್‌ಒ ಎರಡೂ ಸೊನ್ನೆ, ಅವಳ ಪ್ರೋಗ್ರಾಂ ಒಂದು ಸಿಪಿಯುವನ್ನು ಪೂರ್ತಿ ಹಿಡಿದಿತ್ತು. ಪಟ್ಟಿಯನ್ನು ಪ್ರತಿ ಸುತ್ತಿನಲ್ಲೂ ಮೊದಲಿನಿಂದ ಹುಡುಕುವ ಲೂಪ್ ಬರೆದಿದ್ದಳು. ಅವಳೇ ಕುಳಿತು ಅದನ್ನು ಸರಿಪಡಿಸಿದಳು.

ಈ ಪಾಠವನ್ನು ತೆಗೆದುಕೊಳ್ಳುವವರು ಮೊದಲ ದಿನವೇ ಒಂದು ವಿಷಯ ಪರೀಕ್ಷಿಸಿಕೊಳ್ಳಬೇಕು. ಎಲ್ಲ ಹೈಪರ್‌ವೈಸರ್‌ಗಳೂ ಸ್ಟೀಲ್ ಲೆಕ್ಕವನ್ನು ಅತಿಥಿಗೆ ಕೊಡುವುದಿಲ್ಲ. ಕೊಡದ ಕಡೆ ಎಷ್ಟೇ ಪೈಪೋಟಿ ಇದ್ದರೂ ಎಸ್‌ಟಿ ಸೊನ್ನೆಯೇ ಕಾಣುತ್ತದೆ. ಯೆಸ್ ಪ್ರಯೋಗವನ್ನು ತರಗತಿಗೆ ಮುಂಚೆ ಒಮ್ಮೆ ಮಾಡಿ ನೋಡಿ, ಅಂಕಿ ಏರದಿದ್ದರೆ ಒಂದೇ ಪ್ರೋಗ್ರಾಂನ ಓಟದ ಸಮಯವನ್ನು ಲ್ಯಾಬ್ ಖಾಲಿ ಇದ್ದಾಗ ಮತ್ತು ತುಂಬಿದ್ದಾಗ ಅಳೆದು ಹೋಲಿಸುವಂತೆ ಪಾಠಯೋಜನೆಯನ್ನು ಬದಲಿಸಿಕೊಳ್ಳಿ. ಪ್ರಯೋಗ ಮುಗಿದ ಮೇಲೆ ‘ಕಿಲ್‌ಆಲ್ ಯೆಸ್’ ಕೊಡಿಸಲು ಮರೆಯಬೇಡಿ, ಮುಂದಿನ ತಂಡದವರು ಕಾಯುತ್ತಿರುತ್ತಾರೆ.