ಸರಿಯುವ ಗಾಜಿನ ಹಿಂದೆ ಸರೀಸೃಪಗಳ ಸಂಸಾರ

ಹೊಟೇಲಿನ ಗಲ್ಲೆಯ ಬಳಿ ಮೈಸೂರು ಪಾಕು, ಜಿಲೇಬಿಗಳನ್ನು ಒಪ್ಪವಾಗಿ ಜೋಡಿಸಿಡುವ ಗಾಜಿನ ಕಪಾಟನ್ನು ನಮ್ಮ ವಾಚಕರಲ್ಲಿ ಕಾಣದವರಿಲ್ಲ. ಅದರ ಎರಡು ಗಾಜಿನ ಬಾಗಿಲುಗಳು ಒಂದರ ಹಿಂದೊಂದು ಸರಿಯುತ್ತವೆ. ಎಷ್ಟೇ ಇಕ್ಕಟ್ಟಾದ ಜಾಗದಲ್ಲಿಯೂ ಯಾರ ಮೊಣಕೈಗೂ ತಾಗದೆ ತೆರೆದುಕೊಳ್ಳುತ್ತವೆ. ನೊಣವು ಒಳಗೆ ಬಾರದಂತೆ ತಡೆಯುವ ಇದೇ ಬಾಗಿಲು ಇಂಗ್ಲೆಂಡಿನ ಅನೇಕ ಮನೆಗಳಲ್ಲಿ ಹಾವು ಹೊರಗೆ ಹೋಗದಂತೆ ತಡೆಯುವ ಕೆಲಸದಲ್ಲಿ ನಿಯುಕ್ತವಾಗಿದೆಯೆಂದರೆ ಕೆಲವರಿಗಾದರೂ ಸೋಜಿಗವೆನಿಸೀತು.

ಆ ಶೀತದೇಶದಲ್ಲಿ ನಾಯಿ ಬೆಕ್ಕುಗಳಂತೆ ಓತಿ, ಹಲ್ಲಿ, ಹಾವುಗಳನ್ನು ಸಾಕುವವರೂ ಇದ್ದಾರೆ. ಆಸ್ಟ್ರೇಲಿಯದ ಮರುಭೂಮಿಯ ಮೂಲದ 'ಬಿಯರ್ಡೆಡ್ ಡ್ರ್ಯಾಗನ್' ಎಂಬ ಗಡ್ಡದ ಓತಿ, ಅಮೇರಿಕದ 'ಕಾರ್ನ್ ಸ್ನೇಕ್' ಎಂಬ ನಿರ್ವಿಷ ಹಾವು ಇವರ ಅಚ್ಚುಮೆಚ್ಚಿನವು. ಇವುಗಳ ವಾಸಕ್ಕಾಗಿ ಕಟ್ಟುವ ಪೆಟ್ಟಿಗೆಗೆ 'ವಿವೇರಿಯಂ' ಎಂದು ಹೆಸರು. ಅಂಗಡಿಯಲ್ಲಿ ಕೊಳ್ಳುವ ಬದಲು ಗರಗಸ, ತಿರುಪುಳಿಗಳನ್ನು ಹಿಡಿದು ರಜೆಯ ದಿನ ತಾವೇ ಅದನ್ನು ಕಟ್ಟಿಕೊಳ್ಳುವವರು ಬಹುಮಂದಿ. ಈ ಹವ್ಯಾಸವನ್ನು ಮೆಚ್ಚುವುದೂ ಬಿಡುವುದೂ ಅವರವರ ಅಭಿರುಚಿಗೆ ಸೇರಿದ ಮಾತು. ಆದರೆ ಆ ಪೆಟ್ಟಿಗೆಯ ರಚನೆಯಲ್ಲಿ ಅಡಗಿರುವ ತತ್ತ್ವವೊಂದು ಎಲ್ಲರೂ ಗಮನಿಸತಕ್ಕದ್ದು: ಪ್ರಾಣಿಯನ್ನು ಕೂಡಿಹಾಕಿದವನು ಅದರಿಂದ ಕಸಿದುಕೊಂಡ ಬಿಸಿಲು, ಗಾಳಿ, ನೆರಳು, ನೆಲಗಳನ್ನು ತನ್ನ ಕೈಯಿಂದಲೇ ಅದಕ್ಕೆ ಮರಳಿ ಒದಗಿಸಬೇಕು.

ಲಂಡನ್ನಿನ ಪೂರ್ವಕಥೆ

ಸರೀಸೃಪಗಳಿಗೆಂದೇ ಮೀಸಲಾದ ಜಗತ್ತಿನ ಮೊದಲ ಸಾರ್ವಜನಿಕ ಭವನವು 1849ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ತೆರೆಯಿತು. ಮೂರೇ ವರ್ಷಗಳಲ್ಲಿ ಅಲ್ಲೊಂದು ಅನಾಹುತ ನಡೆಯಿತು. 1852ರಲ್ಲಿ ಎಡ್ವರ್ಡ್ ಗರ್ಲಿಂಗ್ ಎಂಬ ಪಾಲಕನು ಮದ್ಯದ ಅಮಲಿನಲ್ಲಿ ನಾಗರಹಾವನ್ನು ಗೂಡಿನಿಂದ ಹೊರತೆಗೆದು ಆಡಿಸಹೋಗಿ, ಮುಖಕ್ಕೆ ಕಚ್ಚಿಸಿಕೊಂಡು ಪ್ರಾಣ ಕಳೆದುಕೊಂಡನು. ಗಾಜು ಎಷ್ಟೇ ಭದ್ರವಾಗಿದ್ದರೂ ಅದನ್ನು ತೆರೆಯುವ ಕೈಗೆ ಎಚ್ಚರವಿಲ್ಲದಿದ್ದರೆ ಫಲವಿಲ್ಲವೆಂಬ ಪಾಠವನ್ನು ಈ ಘಟನೆ ಕಲಿಸಿತು.

ಗೂಡಿನ ರಚನೆಯನ್ನು ಶಾಸ್ತ್ರೀಯವಾಗಿ ರೂಪಿಸಿದ ಕೀರ್ತಿಯ ಬಹುಪಾಲು ಜೋನ್ ಪ್ರಾಕ್ಟರ್ ಎಂಬ ಮಹಿಳೆಗೆ ಸಲ್ಲಬೇಕು. 1897ರಲ್ಲಿ ಜನಿಸಿದ ಆಕೆ ಬಾಲ್ಯದಿಂದಲೇ ಸರೀಸೃಪಗಳನ್ನು ಸಾಕುತ್ತಿದ್ದವರು. ಸದಾ ಅನಾರೋಗ್ಯದಿಂದ ನರಳುತ್ತಿದ್ದರೂ 1923ರಲ್ಲಿ ಲಂಡನ್ ಪ್ರಾಣಿಸಂಗ್ರಹಾಲಯದ ಸರೀಸೃಪ ವಿಭಾಗದ ಮುಖ್ಯಸ್ಥೆಯಾದರು. ಅವರ ಯೋಜನೆಯಂತೆ ನಿರ್ಮಾಣವಾದ ಹೊಸ ಸರೀಸೃಪ ಭವನ 1927ರಲ್ಲಿ ತೆರೆಯಿತು. ಕಟ್ಟಡವನ್ನೆಲ್ಲ ಒಂದೇ ಸಮನೆ ಕಾಯಿಸುವ ಪದ್ಧತಿಯನ್ನು ಬಿಟ್ಟು, ಪ್ರಾಣಿಗಳ ಅಗತ್ಯಕ್ಕೆ ತಕ್ಕಂತೆ ಬೇರೆಬೇರೆ ಪ್ರಮಾಣದ ವಿದ್ಯುತ್ ಶಾಖವನ್ನು ಒದಗಿಸಿದ್ದು ಅದರ ವಿಶೇಷ. ನೋಡುಗರು ನಿಲ್ಲುವ ಜಾಗ ಮಬ್ಬು, ಗೂಡಿನ ಒಳಗೆ ಬೆಳಕು. ಅವರು ಪಳಗಿಸಿದ ಕೊಮೊಡೊ ದ್ವೀಪದ ದೈತ್ಯ ಉಡವೊಂದು ಸಾಕುನಾಯಿಯಂತೆ ಅವರೊಡನೆ ಅಡ್ಡಾಡುತ್ತಿತ್ತು. 1931ರಲ್ಲಿ, ಇನ್ನೂ ಮೂವತ್ತನಾಲ್ಕರ ವಯಸ್ಸಿನಲ್ಲಿ, ಪ್ರಾಕ್ಟರ್ ತೀರಿಕೊಂಡರು. ಇಂದು ಮನೆಯಲ್ಲಿ ಪೆಟ್ಟಿಗೆ ಕಟ್ಟುವವರು ಪಾಲಿಸುವ ನಿಯಮಗಳಲ್ಲಿ ಹಲವು ಆ ಭವನದ ನಿಯಮಗಳ ಕಿರಿಯ ರೂಪಗಳೇ ಆಗಿವೆ.

ಅಳತೆಯೂ ಬಾಗಿಲ ಲೆಕ್ಕವೂ

ಪ್ರಾಯಕ್ಕೆ ಬಂದ ಗಡ್ಡದ ಓತಿಗೆ ನಾಲ್ಕು ಅಡಿ ಉದ್ದ, ಎರಡು ಅಡಿ ಆಳ, ಎರಡು ಅಡಿ ಎತ್ತರದ ಪೆಟ್ಟಿಗೆಯನ್ನು ಕಟ್ಟುವುದು ಅಲ್ಲಿ ವಾಡಿಕೆ. ಹಾವು ಸುರುಳಿ ಸುತ್ತಿ ಮಲಗುತ್ತದೆ, ಅದಕ್ಕೆ ಚಿಕ್ಕ ಜಾಗವೇ ಸಾಕೆಂಬ ಅಭಿಪ್ರಾಯ ಹಿಂದೆ ಇತ್ತು; ಅದು ಮೈಯನ್ನು ಪೂರ್ತಿ ಚಾಚಿ ಮಲಗುವಷ್ಟು ಉದ್ದವಿರಬೇಕೆಂದು ಈಗ ತಿಳಿದವರು ಹೇಳುತ್ತಾರೆ. ಎಂಟು ಹತ್ತು ಮಂದಿ ಹಂಚಿಕೊಂಡ ಖೋಲಿಯಲ್ಲಿ ಬಾಳಿದ ನಮ್ಮವರಿಗೆ ಕಾಲು ಚಾಚುವ ಜಾಗದ ಬೆಲೆಯನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ.

ತಳ, ಬೆನ್ನು, ಪಕ್ಕಗಳಿಗೆ ಪ್ಲೈವುಡ್ಡನ್ನೋ ಮೆರುಗು ಹಾಳೆ ಅಂಟಿಸಿದ ಹಲಗೆಯನ್ನೋ ಬಳಸುತ್ತಾರೆ. ದೇವದಾರು ಜಾತಿಯ ಘಮಘಮಿಸುವ ಮರ ಕೂಡದು. ಅದರ ತೈಲದ ಆವಿ ಈ ಜೀವಿಗಳಿಗೆ ಹಾನಿಕರ. ಕೀಲುಗಳ ಸಂದಿಗೆ ಸಿಲಿಕೋನ್ ಅಂಟನ್ನು ತುಂಬಿ, ಅದರ ಹುಳಿವಾಸನೆ ಸಂಪೂರ್ಣವಾಗಿ ಹೋಗುವವರೆಗೆ ಪೆಟ್ಟಿಗೆಯನ್ನು ತೆರೆದಿಡಬೇಕು.

ಬಾಗಿಲು ಮೇಲಿರದೆ ಮುಂದಿರುವುದಕ್ಕೂ ಕಾರಣವಿದೆ. ಹದ್ದು, ಗಿಡುಗಗಳಂಥ ವೈರಿಗಳು ಎರಗುವುದು ಮೇಲಿನಿಂದ. ಮೇಲಿನಿಂದ ಇಳಿಯುವ ಕೈಯೂ ಓತಿಗೆ ಹದ್ದಿನಂತೆಯೇ ತೋರುತ್ತದೆ. ಮುಂದಿನಿಂದ ಮೆಲ್ಲನೆ ಬರುವ ಕೈಗೆ ಅದು ಅಷ್ಟಾಗಿ ಬೆದರದು. ಸರಿಯುವ ಬಾಗಿಲನ್ನು ನಾಲ್ಕು ಬೆರಳಗಲವಷ್ಟೇ ತೆರೆದು ನೀರಿನ ಬಟ್ಟಲನ್ನು ಬದಲಿಸಬಹುದಾದ್ದರಿಂದ ಒಳಗಿನ ಶಾಖವೂ ಸೋರಿಹೋಗುವುದಿಲ್ಲ.

ಗಾಜು ಸರಿಯುವುದು ಜೋಡಿ ತೋಡುಗಳಿರುವ ಪ್ಲಾಸ್ಟಿಕ್ ಪಟ್ಟಿಗಳಲ್ಲಿ. ಮೇಲಿನ ಪಟ್ಟಿಯ ತೋಡು ಆಳ, ಕೆಳಗಿನದು ಮೇಲುಮೇಲಿನದು. ಗಾಜನ್ನು ಮೊದಲು ಮೇಲಿನ ತೋಡಿನೊಳಕ್ಕೆ ಪೂರ್ತಿ ಎತ್ತಿ, ಅನಂತರ ಕೆಳಗಿನ ತೋಡಿಗೆ ಇಳಿಸಬೇಕು. ಇಳಿದು ಕುಳಿತ ಮೇಲೂ ಅದರ ತಲೆಭಾಗ ಮೇಲಿನ ತೋಡಿನೊಳಗೆ ಉಳಿದಿರಬೇಕು. ಎರಡು ಪಟ್ಟಿಗಳ ಅಂಚುಗಳ ನಡುವಣ ಅಂತರಕ್ಕೆ ಕೆಳತೋಡಿನ ಆಳವನ್ನು ಕೂಡಿಸಿದರೆ ಬರುವ ಮೊತ್ತಕ್ಕಿಂತ ಗಾಜು ಎತ್ತರವಾಗಿರಬೇಕು. ಮೇಲ್ತೋಡಿನ ಆಳವನ್ನು ಕೂಡಿಸಿದರೆ ಬರುವ ಮೊತ್ತಕ್ಕಿಂತ ಗಿಡ್ಡವಾಗಿರಬೇಕು. ಈ ಲೆಕ್ಕ ತಪ್ಪಿದರೆ ಗಾಜು ಒಳಗೆ ಹೋಗದು, ಇಲ್ಲವೇ ಒಳಗೆ ನಿಲ್ಲದು.

ಅಗಲದ ಲೆಕ್ಕವೂ ಹೀಗೆಯೇ. ಪೆಟ್ಟಿಗೆಯ ಬಾಯಿ 46 ಅಂಗುಲವಿದ್ದರೆ ತಲಾ 23 ಅಂಗುಲದ ಎರಡು ಗಾಜುಗಳು ಸಾಲವು. ನಡುವೆ ಒಂದು ಅಂಗುಲದಷ್ಟು ಒಂದರ ಮೇಲೊಂದು ಬರಬೇಕಾದ್ದರಿಂದ ತಲಾ 23½ ಅಂಗುಲ ಬೇಕು. 4 ಅಥವಾ 6 ಮಿಲಿಮೀಟರ್ ದಪ್ಪದ ಗಾಜನ್ನು ಅಂಚು ಸಾಣೆ ಹಿಡಿಸಿ ತರುವುದು ಕ್ಷೇಮ. ಹದಗೊಳಿಸಿದ ಗಟ್ಟಿಗಾಜನ್ನು ತಂದ ಮೇಲೆ ಕತ್ತರಿಸಲು ಬರುವುದಿಲ್ಲ. ಆದುದರಿಂದ ಪಟ್ಟಿಗಳನ್ನು ಕೂರಿಸಿ, ಅಳತೆಯನ್ನು ಎರಡೆರಡು ಬಾರಿ ಪರೀಕ್ಷಿಸಿದ ಬಳಿಕವೇ ಗಾಜಿಗೆ ಹೇಳಬೇಕು.

ಇನ್ನು ಗಾಜಿನ ಕೆಳಗೆ ಮೂರು ನಾಲ್ಕು ಅಂಗುಲದ ತಡೆಹಲಗೆಯೊಂದು ಅವಶ್ಯ. ಇಲ್ಲವಾದರೆ ಒಳಗಿನ ಮಣ್ಣು ತೋಡಿಗೆ ಸೇರಿ ಬಾಗಿಲು ಕಚ್ಚಿಕೊಳ್ಳುತ್ತದೆ. ಎರಡು ಗಾಜುಗಳ ನಡುವಿನ ಸಣ್ಣ ಸಂದಿಯಿಂದ ಹಾವಿನ ಮರಿ ನುಸುಳಬಲ್ಲುದು. ಅಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಎಳೆಯೊಂದನ್ನು ಅಂಟಿಸುತ್ತಾರೆ. ಕೊನೆಯದಾಗಿ ಬೀಗ. ಹಾವು ಮೂತಿಯಿಂದ ಒತ್ತಿ ಒತ್ತಿ ಗಾಜನ್ನು ಸರಿಸಬಲ್ಲುದಾದ್ದರಿಂದ, ಚಿನ್ನಬೆಳ್ಳಿ ಅಂಗಡಿಗಳ ಗಾಜಿನ ಕಪಾಟಿಗೆ ಹಾಕುವಂಥ ಹಲ್ಲುಪಟ್ಟಿಯ ಬೀಗವನ್ನೇ ಇದಕ್ಕೂ ತೊಡಿಸುವುದುಂಟು.

ಪೆಟ್ಟಿಗೆಯೊಳಗೊಬ್ಬ ಸೂರ್ಯ

ಸರೀಸೃಪವು ನಮ್ಮಂತೆ ಮೈಯೊಳಗೆ ಶಾಖವನ್ನು ಹುಟ್ಟಿಸಿಕೊಳ್ಳಲಾರದು. ಬಿಸಿಲಿಗೆ ಬಂದು ಕಾಯುತ್ತದೆ, ನೆರಳಿಗೆ ಸರಿದು ತಣಿಯುತ್ತದೆ. ಆಹಾರ ಜೀರ್ಣವಾಗುವುದೂ ಈ ಕಾವಿನಿಂದಲೇ. ಆದುದರಿಂದ ದೀಪವನ್ನು ಪೆಟ್ಟಿಗೆಯ ಒಂದು ತುದಿಯಲ್ಲಿ ಮಾತ್ರ ಇಡಬೇಕು. ಗಡ್ಡದ ಓತಿಗೆ ದೀಪದ ಕೆಳಗೆ ಸುಮಾರು 40 ಡಿಗ್ರಿ ಸೆಲ್ಸಿಯಸ್ ಇದ್ದರೆ ಎದುರು ತುದಿಯಲ್ಲಿ ಸುಮಾರು 25 ಡಿಗ್ರಿ ಇರಬೇಕು; ಕಾರ್ನ್ ಹಾವಿಗೆ ಬಿಸಿಯ ತುದಿಯಲ್ಲಿ 28ರಿಂದ 30 ಡಿಗ್ರಿ ಸಾಕು. ಎರಡು ತುದಿಗಳಲ್ಲಿಯೂ ಅವಿತುಕೊಳ್ಳಲು ಒಂದೊಂದು ಮರೆ ಬೇಕು. ಗಾಳಿಗಂಡಿಗಳನ್ನು ಒಂದು ಕಡೆ ಕೆಳಗೆ, ಇನ್ನೊಂದು ಕಡೆ ಮೇಲೆ ಕೊರೆದರೆ ಬಿಸಿಗಾಳಿ ಮೇಲಕ್ಕೇರಿ ಹೊರಬಿದ್ದು ತಂಪುಗಾಳಿ ಒಳಸೇರುತ್ತದೆ. ದೀಪಕ್ಕೆ ಶಾಖವನ್ನು ಅಂಕೆಯಲ್ಲಿಡುವ ಥರ್ಮೋಸ್ಟಾಟ್ ಇರಲೇಬೇಕು; ಸುತ್ತಲೂ ತಂತಿಯ ಬಲೆಯೂ ಬೇಕು. ಇಲ್ಲದಿದ್ದರೆ ಹಾವು ಬಿಸಿಯ ಬಲ್ಬಿಗೆ ಸುತ್ತಿಕೊಂಡು ಮೈ ಸುಟ್ಟುಕೊಳ್ಳುತ್ತದೆ.

ಹಗಲಿನಲ್ಲಿ ಓಡಾಡುವ ಓತಿಗೆ ಶಾಖದೊಡನೆ ಬಿಸಿಲಿನ ಅತಿನೇರಳೆ ಕಿರಣವೂ ಬೇಕು. ಚರ್ಮದಲ್ಲಿ 'ಡಿ' ಜೀವಸತ್ವ ಹುಟ್ಟುವುದು ಅದರಿಂದ. ಅದಿಲ್ಲದೆ ಸುಣ್ಣದಂಶ ದಕ್ಕದೆ ಮೂಳೆ ಮೆತ್ತಗಾಗಿ ಬಾಗುತ್ತದೆ. ಕಿಟಕಿಯ ಬಳಿ ಪೆಟ್ಟಿಗೆಯನ್ನಿಟ್ಟರೆ ಸಾಲದೇ ಎಂದು ಕೇಳಬಹುದು. ಸಾಲದು. ಸಾಮಾನ್ಯ ಗಾಜು ಬೆಳಕನ್ನು ಬಿಟ್ಟು ಈ ಕಿರಣವನ್ನು ಬಹುಮಟ್ಟಿಗೆ ತಡೆಯುತ್ತದೆ. ಮೇಲಾಗಿ ಬಿಸಿಲಿಗಿಟ್ಟ ಗಾಜಿನ ಪೆಟ್ಟಿಗೆ ಬಲುಬೇಗ ಕುಲುಮೆಯಾಗಿ ಒಳಗಿನ ಜೀವವನ್ನೇ ತೆಗೆದೀತು. ಪ್ರಾಕ್ಟರ್ ತಮ್ಮ ಭವನಕ್ಕೆ ಅತಿನೇರಳೆ ಕಿರಣವನ್ನು ಹಾಯಗೊಡುವ 'ವೀಟಾ' ಗಾಜನ್ನು ಹಾಕಿಸಿದ್ದು ಈ ಕಾರಣಕ್ಕಾಗಿಯೇ. ಈಗ ಆ ಕೆಲಸವನ್ನು ವಿಶೇಷ ದೀಪದ ಕೊಳವೆಗಳು ಮಾಡುತ್ತವೆ. ಎಲ್ಲವನ್ನೂ ಜೋಡಿಸಿದ ಮೇಲೆ ಬಲ್ಲವರು ಹಲವು ದಿನ ಖಾಲಿ ಪೆಟ್ಟಿಗೆಯಲ್ಲಿಯೇ ದೀಪ ಉರಿಸಿ ಉಷ್ಣಮಾಪಕವನ್ನು ನೋಡುತ್ತಾರೆ. ಅಂಕಿಗಳು ಸ್ಥಿರವಾದ ಅನಂತರವೇ ಪ್ರಾಣಿಯನ್ನು ತರುತ್ತಾರೆ.

ನಮ್ಮ ನೆಲದ ಮಾತು

ಇದನ್ನೋದಿ ನಮ್ಮ ವಾಚಕರು ಯಾರೂ ಗರಗಸ ಹಿಡಿದು ಹಾವಿಗಾಗಿ ಹೊರಡಬಾರದು. ನಮ್ಮ ದೇಶದ ನಾಗರಹಾವು, ಕೇರೆಹಾವು, ಹೆಬ್ಬಾವು, ಉಡ, ಗೋಸುಂಬೆ, ನಕ್ಷತ್ರ ಆಮೆಗಳನ್ನು ಹಿಡಿಯುವುದೂ ಮನೆಯಲ್ಲಿ ಸಾಕುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಅದೃಷ್ಟ ತರುತ್ತದೆಂಬ ನಂಬಿಕೆಯಿಂದ ನಕ್ಷತ್ರ ಆಮೆಯನ್ನು ಕದ್ದು ಮಾರುವವರೂ ಕೊಳ್ಳುವವರೂ ನಗರಗಳಲ್ಲಿದ್ದಾರೆ. ಸೆರೆಮನೆಯ ಅದೃಷ್ಟವನ್ನು ಯಾರೂ ಬಯಸಲಾರರು. ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗಳಲ್ಲಿ ಸೇರಿದ ವಿದೇಶಿ ಜಾತಿಗಳನ್ನು ಇಟ್ಟುಕೊಂಡವರು 2024ರ ನಿಯಮಗಳಂತೆ ಸರ್ಕಾರಕ್ಕೆ ವಿವರ ಸಲ್ಲಿಸಿ ನೋಂದಾಯಿಸಬೇಕು.

ನೋಡುವ ಕುತೂಹಲವುಳ್ಳವರಿಗೆ ಬೇರೆ ದಾರಿಗಳಿವೆ. ಚೆನ್ನೈಯಲ್ಲಿರುವ ನಮ್ಮ ಬಂಧುಗಳು ರಜೆಯ ದಿನ ಗಿಂಡಿಯ ಹಾವಿನ ಉದ್ಯಾನಕ್ಕೆ ಹೋಗಬಹುದು. ಅದನ್ನು ಸ್ಥಾಪಿಸಿದ ರಾಮ್ಯುಲಸ್ ವಿಟೇಕರರೇ 1976ರಲ್ಲಿ ಮಹಾಬಲಿಪುರದ ದಾರಿಯಲ್ಲಿ ಮೊಸಳೆಗಳ ಪಾಲನಾಕೇಂದ್ರವನ್ನೂ ತೆರೆದರು. ಅದರ ಆವರಣದಲ್ಲಿಯೇ ಇರುಳ ಜನಾಂಗದ ಹಾವು ಹಿಡಿಯುವವರು 1978ರಲ್ಲಿ ಕಟ್ಟಿದ ಸಹಕಾರ ಸಂಘವಿದೆ. ವಿಷಹಾರಿ ಮದ್ದಿನ ತಯಾರಿಕೆಗಾಗಿ ಅವರು ಹಾವುಗಳನ್ನು ಪರವಾನಿಗೆಯ ಮೇಲೆ ಹಿಡಿದು, ಕೆಲವು ವಾರ ಇರಿಸಿಕೊಂಡು, ವಿಷ ತೆಗೆದು, ಮತ್ತೆ ಕಾಡುಮೇಡುಗಳಿಗೆ ಬಿಟ್ಟುಬರುತ್ತಾರೆ. ಆ ವಾರಗಳಲ್ಲಿ ಹಾವುಗಳ ವಾಸ ಬಟ್ಟೆಯಿಂದ ಬಾಯಿ ಕಟ್ಟಿದ ಮಣ್ಣಿನ ಮಡಕೆಯಲ್ಲಿ. ಹುತ್ತದಂತೆಯೇ ಅದರೊಳಗೆ ಕತ್ತಲು, ತಂಪು, ಮರೆ.

ಗಾಜಿನ ಬಾಗಿಲು ನೋಡುವವನ ಸಂತೋಷಕ್ಕಾಗಿ ಇರುವುದು. ಮಡಕೆಯ ಕತ್ತಲು ಹಾವಿನ ನೆಮ್ಮದಿಗಾಗಿ. ಬಲ್ಲ ಕುಶಲಿಯು ಗಾಜಿನ ಪೆಟ್ಟಿಗೆಯನ್ನು ಕಟ್ಟುವಾಗಲೂ ಮಡಕೆಯನ್ನು ಮರೆಯುವುದಿಲ್ಲ. ಜೀವಿಯೊಂದರ ಬಾಗಿಲಿನ ಬೀಗದ ಕೈಯನ್ನು ತನ್ನ ಜೇಬಿನಲ್ಲಿಟ್ಟುಕೊಂಡವನು ಅದರ ಹಗಲು ರಾತ್ರಿಗಳ ಹೊಣೆಯನ್ನೂ ಹೊತ್ತಿರುತ್ತಾನೆ. ಆ ಹೊಣೆಯನ್ನು ಹೊರಲಾರದವನಿಗೆ ಬಾಗಿಲನ್ನು ಮುಚ್ಚುವ ಅಧಿಕಾರವೂ ಇಲ್ಲ.